ಗಾಡಿ ಬಿಡಲು ಒಂದು ತೋಪು

ಮಗಳು: ದೊಡ್ಡಪ್ಪ, ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಲ್ಲಿ ಒಂದು ಕ್ಯಾರವಾನ್ ಬಾಡಿಗೆಗೆ ತಗೊಂಡು ನಿಮ್ಮ ಕಡೆಗೆ ಬರೋಣ ಅಂತಿದ್ದೀವಿ. ಅಮ್ಮ, ನಾವಿಬ್ಬರು, ಮಗು. ಅರಸೀಕೆರೆಗೆ ಬಂದು ಅಲ್ಲಿಂದ ನಿಧಾನವಾಗಿ ಹಳೇಬೀಡು, ಬೇಲೂರು. ಮಲಗೋಕೆ ಜಾಗ, ಒಲೆ, ಫ್ರಿಜ್ಜು, ಶೌಚಾಲಯ ಎಲ್ಲಾ ಗಾಡಿಯಲ್ಲೇ ಇರುತ್ತೆ.

ದೊಡ್ಡಪ್ಪ: ಬನ್ನಿ, ಬಹಳ ಸಂತೋಷ. ಆದರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬಾಣಾವರ, ಜಾವಗಲ್, ಹಳೇಬೀಡು ಮೇಲೆ ಸುತ್ತಿಕೊಂಡು ಹೋದರೂ ನಮ್ಮೂರಿಂದ ಬೇಲೂರಿಗೆ 60–70 ಕಿಲೋಮೀಟರ್. ತಿಂಡಿ ತಿಂದು ಕಾರಲ್ಲಿ ಹೊರಟರೆ ಎರಡೂ ಕಡೆ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಇಷ್ಟು ದೂರಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ?

ಮಗಳು: ಹಾಗೆ ನೋಡಿದ್ದು ಆಗಿದೆ ದೊಡ್ಡಪ್ಪ. ಶಾಲೆಯ ಪ್ರವಾಸದಲ್ಲಿ, ಆಮೇಲೆ ಆಫೀಸಿನವರ ಜೊತೆ. ಬೇಲೂರಲ್ಲಿ ದರ್ಪಣ ಸುಂದರಿ, ಹಳೇಬೀಡಲ್ಲಿ ನಂದಿ, ಎರಡು ಕಡೆಯೂ ಒಂದು ಫೋಟೊ, ಹತ್ತಿ ಬಸ್ಸು. ನಡುವಿನ ದಾರಿಯಲ್ಲಿ ಏನಿತ್ತು ಅಂತ ಕೇಳಿದರೆ ಹೇಳೋಕೆ ಬರಲ್ಲ. ಇನ್ನೊಂದು ವಿಷಯ, ಅದು ನಿಮಗೆ ನೇರವಾಗೇ ಹೇಳ್ತೀನಿ. ಅಮ್ಮನಿಗೆ ಮಂಡಿ ನೋವು, ಕುಕ್ಕರುಗಾಲಲ್ಲಿ ಕೂರೋಕಾಗಲ್ಲ. ಪ್ರವಾಸ ಹೊರಟ ದಿನ ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿಯೋಕೂ ಹೆದರ್ತಾಳೆ. ಹಳ್ಳಿ ದಾರಿಯಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಹೇಳಿ? ಬೇಲೂರು, ಹಳೇಬೀಡಿಗಾದರೂ ಹೋಗಿ ಬರ್ತಾಳೆ. ಹಾರನಹಳ್ಳಿಗೋ ಬೆಳವಾಡಿಗೋ ಅವಳು ಯಾವತ್ತೂ ಬಂದಿಲ್ಲ, ಇದೊಂದೇ ಕಾರಣಕ್ಕೆ.

ದೊಡ್ಡಪ್ಪ: ಹಾಗಾದರೆ ಗಾಡಿ ತಗೊಂಡೇ ಬಾ. ಈ ಒಂದು ಕಾರಣ ಸಾಕು, ಉಳಿದದ್ದೆಲ್ಲ ಮೇಲಿನ ಮಾತು.

ಮಗಳು: ಉಳಿದದ್ದೂ ಮುಖ್ಯವೇ. ಹೋಟೆಲ್ ಬುಕ್ ಮಾಡಿದರೆ ಕತ್ತಲಾಗೋ ಮುಂಚೆ ಹಾಸನ ಸೇರ್ಕೋಬೇಕು, ಬೆಳಿಗ್ಗೆ ಇಷ್ಟು ಗಂಟೆಗೆ ಖಾಲಿ ಮಾಡಬೇಕು. ಕಲ್ಲಿನ ಮೇಲಿನ ಕೆಲಸ ಚೆನ್ನಾಗಿ ಕಾಣೋದು ಬೆಳಗಿನ ಎಳೆಬಿಸಿಲು, ಸಂಜೆಯ ಓರೆಬಿಸಿಲಲ್ಲಿ. ಸರಿಯಾಗಿ ಆ ಹೊತ್ತಿಗೆ ಪ್ರವಾಸಿಗಳು ರಸ್ತೆಯ ಮೇಲೆ ಇರ್ತಾರೆ. ಊರಲ್ಲೇ ತಂಗಿದರೆ ಆ ಎರಡು ಹೊತ್ತೂ ನಮ್ಮದು.

ದೊಡ್ಡಪ್ಪ: ಇದನ್ನ ಒಪ್ಪಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಒಳ್ಳೆಯದೇ ಆಯ್ತು. ಆದರೆ ಹೊಯ್ಸಳರ ನಾಡು ಅಂದರೆ ಆ ಮೂರು ಗುಡಿ ಅಷ್ಟೇ ಅಂತ ಜನ ತಿಳಿದುಬಿಟ್ಟರೆ ಅನ್ಯಾಯ. ನಮ್ಮ ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. ಅದರ ಮುಂದಿನ ಮಂಟಪ ಇದೆಯಲ್ಲ, ಹದಿನಾರು ಮೂಲೆಯ ನಕ್ಷತ್ರದ ಆಕಾರ, ಸುತ್ತ ಗೋಡೆಯಿಲ್ಲ, ಕಡೆದ ಕಂಬಗಳ ಮೇಲೆ ದುಂಡನೆಯ ಭುವನೇಶ್ವರಿ ಚಾವಣಿ. ಅಂಥ ಮಂಟಪ ಹೊಯ್ಸಳರ ಇನ್ಯಾವ ಗುಡಿಯ ಮುಂದೆಯೂ ನಾನು ಕಂಡಿಲ್ಲ. ರೈಲು ಬದಲಾಯಿಸೋಕೆ ಜಂಕ್ಷನ್ನಿನಲ್ಲಿ ಗಂಟೆಗಟ್ಟಲೆ ಕೂರೋ ಎಷ್ಟೋ ಜನಕ್ಕೆ ಊರೊಳಗೆ ಹೀಗೊಂದಿದೆ ಅಂತಲೇ ಗೊತ್ತಿಲ್ಲ.

ಮಗಳು: ಹಾರನಹಳ್ಳಿಯೂ ಹತ್ತಿರ ಅಲ್ವಾ?

ದೊಡ್ಡಪ್ಪ: ಹಾಸನದ ಕಡೆಗೆ ಏಳೆಂಟು ಕಿಲೋಮೀಟರ್. ಅಲ್ಲಿ ಲಕ್ಷ್ಮೀನರಸಿಂಹ, ಸೋಮೇಶ್ವರ ಅಂತ ಎರಡು ಗುಡಿ, 1235ರ ಕಾಲದ್ದು. ಕಟ್ಟಿಸಿದ್ದು ರಾಜನಲ್ಲ; ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಅನ್ನೋ ಮೂವರು ಅಣ್ಣತಮ್ಮಂದಿರು. ಬೇಲೂರು–ಹಾಸನ ರಸ್ತೆಯ ಆಚೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನ ಬೇಲೂರು ಗುಡಿಗಿಂತ ಮೊದಲೇ ಕಟ್ಟಿಸಿದ್ದು ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ. ಹಳೇಬೀಡಿನ ಪಾರ್ಶ್ವನಾಥ ಬಸದಿ 1133ರದು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡಾಗ ಅವನ ಮಗ ಬೊಪ್ಪ ತಂದೆಯ ನೆನಪಿಗೆ ಕಟ್ಟಿಸಿದ. ಊರಿನ ಹೆಗ್ಗಡೆ, ಸೆಟ್ಟಿ, ಅಧಿಕಾರಿ, ಮನೆಯ ಹೆಂಗಸು ಹೀಗೆ ಎಲ್ಲರೂ ಸೇರಿ ಕಟ್ಟಿದ ನಾಡಿದು. ಅದನ್ನ ಹಳ್ಳಿಯಿಂದ ಹಳ್ಳಿಗೆ ಹೋಗಿಯೇ ನೋಡಬೇಕು.

ಮಗಳು: ಅದಕ್ಕೇ ಗಾಡಿ ಬೇಕು ಅಂದಿದ್ದು.

ದೊಡ್ಡಪ್ಪ: ಗಾಡಿ ಬೇಕು ಸರಿ. ಗಾಡಿಯನ್ನ ಎಲ್ಲಿ ಬಿಡ್ತೀರಿ? ನನ್ನ ಚಿಂತೆ ಅದು. ನಮ್ಮಜ್ಜ ಬೇಲೂರು ತೇರಿಗೆ ಹೋಗ್ತಿದ್ದದ್ದು ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ. ಒಳಗೆ ಹುಲ್ಲು ಹಾಸಿ ಮೇಲೆ ಜಮಖಾನ. ಮಕ್ಕಳು, ಮುದುಕರು ಅದರಲ್ಲೇ ಮಲಗೋದು. ರಾಗಿ ಹಿಟ್ಟು, ಬುತ್ತಿ, ಪಾತ್ರೆ ಎಲ್ಲಾ ಗಾಡಿಯಲ್ಲೇ. ಆದರೆ ಅವರಿಗೆ ಪ್ರತಿ ಊರ ಹೊರಗೂ ಒಂದು ಗುಂಡುತೋಪು ಇತ್ತು. ಮಾವು, ಹೊಂಗೆ, ಹಿಪ್ಪೆ ಮರದ ತೋಪು, ಪಕ್ಕದಲ್ಲಿ ಬಾವಿಯೋ ಕಟ್ಟೆಯೋ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಊರಿನದು. ಬಂದವರು ಎತ್ತು ಬಿಚ್ಚಿ, ಮೂರು ಕಲ್ಲು ಇಟ್ಟು ಅಡುಗೆ ಮಾಡ್ಕೊಂಡು, ಬೆಳಿಗ್ಗೆ ಬೂದಿ ಗುಡಿಸಿ ಹೊರಡೋರು. ನಿಧಾನವಾಗಿ ತಿರುಗೋಕೆ ಆಗ್ತಿದ್ದದ್ದು ಗಾಡಿಯಿಂದಲ್ಲ ಮಗಳೇ, ತೋಪಿನಿಂದ.

ಮಗಳು: ಈಗ ಆ ತೋಪುಗಳು?

ದೊಡ್ಡಪ್ಪ: ಕೆಲವು ಒತ್ತುವರಿಯಾದವು, ಕೆಲವು ಕಡೆ ಕಟ್ಟಡ ಬಂತು, ಕೆಲವು ಕಡೆ ಹೆಸರು ಮಾತ್ರ ಪಹಣಿಯಲ್ಲಿದೆ. ಅಲ್ಲೊಂದು ಇಲ್ಲೊಂದು ಮರಗಳ ಸಮೇತ ಉಳಿದಿವೆ. ನಿಮ್ಮ ಗಾಡಿ ನಿಲ್ಲಬೇಕಾದ್ದು ಅಂಥ ಕಡೆ. ಅದನ್ನ ಬಿಟ್ಟು ಬಯಲು ಕಂಡಲ್ಲೆಲ್ಲ ನಿಲ್ಲಿಸೋಕಾಗಲ್ಲ. ನಮ್ಮ ಸೀಮೆಯಲ್ಲಿ ವಿಶಾಲವಾದ ಹುಲ್ಲುಬಯಲು ಕಾಣುತ್ತೆ, ಹಾಳು ಬಿದ್ದಿದೆ ಅಂದ್ಕೋಬೇಡಿ. ಅವುಗಳಲ್ಲಿ ಬಹಳಷ್ಟು ಅಮೃತ ಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರು ಕಟ್ಟಿದ ಬೆಣ್ಣೆ ಚಾವಡಿಗೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾಯ್ತು. ಸೈನ್ಯದ ಫಿರಂಗಿ ಎಳೆಯೋ ಎತ್ತುಗಳಿಗಾಗಿ ಕಾಯ್ದಿಟ್ಟ ಮೇವಿನ ನೆಲ ಅದು. ಅಲ್ಲಿ ಗಾಡಿ ಹತ್ತಿಸಬಾರದು, ಒಲೆ ಹಚ್ಚಬಾರದು. ಗುಡ್ಡದ ಬುಡದಲ್ಲೂ ಬೇಡ. ನಮ್ಮ ಕಡೆ ಕರಡಿ, ಚಿರತೆ ಇವೆ. ಬೇಲೂರು ದಾಟಿ ಬಿಕ್ಕೋಡು ಕಡೆ ಕಾಫಿ ತೋಟಗಳ ನಡುವೆ ರಾತ್ರಿ ನಿಲ್ಲಿಸೋದಂತೂ ಬೇಡವೇ ಬೇಡ, ಆನೆ ಓಡಾಡೋ ಜಾಗ.

ಮಗಳು: ದೇವಸ್ಥಾನದ ಪಾರ್ಕಿಂಗಿನಲ್ಲಿ?

ದೊಡ್ಡಪ್ಪ: ಹಗಲಿಗೆ ಸರಿ. ರಾತ್ರಿ ಅಲ್ಲೇ ಸಂಸಾರ ಹೂಡೋದು ಚಂದವಲ್ಲ. ಬೇಲೂರಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇವತ್ತಿಗೂ ನಿತ್ಯ ಪೂಜೆ ನಡೀತಿದೆ, ಬೆಳಗಿನ ಜಾವ ಜನ ಬರ್ತಾರೆ. ಅವರ ದಾರಿಯಲ್ಲಿ ನಾವು ಟವೆಲ್ ಒಣಗಿ ಹಾಕಿಕೊಂಡು ನಿಲ್ಲಬಾರದು. ಪ್ರವಾಸೋದ್ಯಮ ನಿಗಮದ ಹೋಟೆಲುಗಳು ಎರಡೂ ಊರಲ್ಲಿವೆ, ಬೇಲೂರಲ್ಲಿ ಮಯೂರ ವೇಲಾಪುರಿ, ಹಳೇಬೀಡಲ್ಲಿ ಮಯೂರ ಶಾಂತಲಾ. ಆವರಣದಲ್ಲಿ ಗಾಡಿ ನಿಲ್ಲಿಸೋಕೆ ಬಿಡ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳು. ಜಾವಗಲ್ ಹತ್ತಿರ ನಮ್ಮ ಬೀಗರ ತೆಂಗಿನ ತೋಟ ಇದೆ, ಅಲ್ಲಿಗೆ ನಾನು ಹೇಳಿಡ್ತೀನಿ.

ಮಗಳು: ಫ್ರಾನ್ಸಿನಲ್ಲಿ ಹೀಗೇ ಒಂದು ಏರ್ಪಾಡಿದೆ ದೊಡ್ಡಪ್ಪ. ‘ಫ್ರಾನ್ಸ್ ಪ್ಯಾಶನ್’ ಅಂತ. ದ್ರಾಕ್ಷಿ ಬೆಳೆಯೋರು, ಗಿಣ್ಣು ಮಾಡೋರು, ರೈತರು ತಮ್ಮ ಜಮೀನಿನಲ್ಲಿ ಒಂದು ರಾತ್ರಿ ಕ್ಯಾರವಾನ್ ನಿಲ್ಲಿಸೋಕೆ ಜಾಗ ಕೊಡ್ತಾರೆ, ದುಡ್ಡು ಕೇಳಲ್ಲ. ಬಂದವರು ಮನೆಯವರನ್ನ ಮಾತಾಡಿಸಿ, ಇಷ್ಟವಾದರೆ ಏನಾದರೂ ಕೊಳ್ತಾರೆ. ಅಲ್ಲಿನ ಸಣ್ಣ ಸಣ್ಣ ಪುರಸಭೆಗಳೂ ಊರ ಅಂಚಲ್ಲಿ ನಿಲ್ದಾಣ ಮಾಡಿವೆ. ಒಂದು ನಲ್ಲಿ, ಕೊಳೆನೀರು ಬಿಡೋಕೆ ಒಂದು ಗುಂಡಿ, ಕರೆಂಟಿನ ಪ್ಲಗ್ಗು, ಅಷ್ಟೇ. ನಮ್ಮಲ್ಲೂ ಶುರುವಾಗ್ತಿದೆ. ಕೇರಳದವರು 2021ರಲ್ಲಿ ‘ಕೇರವಾನ್ ಕೇರಳ’ ಅಂತ ಯೋಜನೆ ತಂದು, ಗಾಡಿಯ ಜೊತೆಗೆ ಗಾಡಿ ನಿಲ್ಲೋ ಪಾರ್ಕುಗಳಿಗೂ ಪ್ರೋತ್ಸಾಹ ಕೊಟ್ಟರು. ಕರ್ನಾಟಕದಲ್ಲಿ ಬಾಡಿಗೆ ಗಾಡಿ ಬಂದಿದೆ, ನಿಲ್ದಾಣ ಸಾಕಷ್ಟು ಬಂದಿಲ್ಲ.

ದೊಡ್ಡಪ್ಪ: ನೋಡು, ನಾನು ತೋಪು ಅಂದದ್ದೂ ಅದನ್ನೇ. ಅದಿರಲಿ, ಆ ಗಾಡಿಯಲ್ಲಿ ನೀರು, ಕರೆಂಟು ಎಷ್ಟು ಹೊತ್ತು ಬರುತ್ತೆ?

ಮಗಳು: ಕಂಪನಿಯವರನ್ನ ಕೇಳಿ ಲೆಕ್ಕ ಹಾಕಿದ್ದೀನಿ. ನೀರಿನ ಟ್ಯಾಂಕು 100 ಲೀಟರ್ ಅಂದ್ಕೊಳ್ಳಿ. ಮನೆಯ ಥರ ಬಕೆಟ್ ತುಂಬಿಸಿ ನಾಲ್ಕು ಜನ ಸ್ನಾನ ಮಾಡಿದರೆ ಒಂದೇ ಬೆಳಿಗ್ಗೆಗೆ ಖಾಲಿ. ಕೈಷವರಿನಲ್ಲಿ ಮೈ ಒದ್ದೆ ಮಾಡ್ಕೊಂಡು, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೊಳ್ಕೊಂಡರೆ ತಲೆಗೆ ಏಳೆಂಟು ಲೀಟರಲ್ಲಿ ಮುಗಿಯುತ್ತೆ. ಕರೆಂಟಿನ ಕತೆ ಇನ್ನೂ ಬಿಗಿ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಪೂರ್ತಿ ಬಳಸಿದರೂ 2.4 ಯೂನಿಟ್. ಒಂದು ಕಿಲೋವ್ಯಾಟಿನ ಏಸಿ ಹಾಕಿದರೆ ಎರಡು ಗಂಟೆ ದಾಟೋದು ಕಷ್ಟ. ಅದೇ 20 ವ್ಯಾಟಿನ ಎರಡು ಫ್ಯಾನು, ಎಲ್‌ಇಡಿ ದೀಪ ಆದರೆ ರಾತ್ರಿಯೆಲ್ಲಾ ಓಡಿಸಿ ಮಿಗುತ್ತೆ. ಜನವರಿಯಲ್ಲಿ ನಿಮ್ಮ ಊರಲ್ಲಿ ಏಸಿ ಯಾಕೆ ಬೇಕು, ಕಿಟಕಿ ತೆಗೆದರೆ ಸಾಕು.

ದೊಡ್ಡಪ್ಪ: ಕಿಟಕಿ ತೆಗೆದರೆ ಮಗು ಕಂಬಳಿ ಕೇಳುತ್ತೆ, ಅಷ್ಟು ಚಳಿ. ಶೌಚಾಲಯದ ತೊಟ್ಟಿ?

ಮಗಳು: ಸುಮಾರು 20 ಲೀಟರಿನ ಕ್ಯಾಸೆಟ್ಟು. ನಾಲ್ಕು ಜನಕ್ಕೆ ಒಂದೆರಡು ದಿನಕ್ಕೊಂದು ಸಲ ಖಾಲಿ ಮಾಡಬೇಕು.

ದೊಡ್ಡಪ್ಪ: ಎಲ್ಲಿ ಸುರೀತೀರಿ? ಇದನ್ನ ಗಟ್ಟಿಯಾಗಿ ಕೇಳ್ತಿದ್ದೀನಿ. ಈ ನಾಡು ಕಟ್ಟಿದವರು ಗುಡಿಗಿಂತ ಮೊದಲು ಕೆರೆ ನೋಡಿದವರು. ಹಳೇಬೀಡಿಗೆ ದೋರಸಮುದ್ರ ಅನ್ನೋ ಹೆಸರು ಇದ್ದದ್ದೇ ಅಲ್ಲಿನ ಕೆರೆಯಿಂದ, ಬೇಲೂರಿಗೆ ವಿಷ್ಣುಸಮುದ್ರ, ನಮ್ಮೂರಿಗೆ ಕಂತೇನಹಳ್ಳಿ ಕೆರೆ. ಕೆರೆಯ ಏರಿ ಮೇಲೆ ಗಾಡಿ ನಿಲ್ಲಿಸಿ, ಫೋಟೊ ತೆಗೆದು, ಹೊರಡುವಾಗ ಕೊಳೆನೀರು ಅದಕ್ಕೇ ಬಿಟ್ಟು ಹೋದರೆ ಅದಕ್ಕಿಂತ ದೊಡ್ಡ ಪಾಪ ಇಲ್ಲ.

ಮಗಳು: ಶೌಚಗುಂಡಿ ಇರೋ ಶೌಚಾಲಯಕ್ಕೇ ಸುರೀಬೇಕು, ಮನೆಯವರನ್ನ ಕೇಳಿ, ಆಮೇಲೆ ನೀರು ಹಾಕಿ ತೊಳೆದು. ಒಳಗೆ ಹಾಕೋ ಔಷಧಿಯನ್ನೂ ಕಡಿಮೆ ಮಾಡಬೇಕು, ಗುಂಡಿಯಲ್ಲಿ ಕೊಳೆಯೋ ಕೆಲಸ ನಿಲ್ಲಬಾರದು. ಪಾತ್ರೆ ತೊಳೆದ ನೀರನ್ನ ಬೀಗರ ತೋಟದ ತೆಂಗಿನ ಪಾತಿಗೆ ಬಿಡಬಹುದಲ್ವಾ?

ದೊಡ್ಡಪ್ಪ: ಸೋಪು ಜಾಸ್ತಿ ಇಲ್ಲದಿದ್ದರೆ ಧಾರಾಳವಾಗಿ. ಇನ್ನು ದಾರಿಯ ವಿಷಯ ಹೇಳ್ತೀನಿ, ಓಡಿಸೋರಿಗೆ ತಿಳಿಸು. ಗಾಡಿ ಎಷ್ಟು ಎತ್ತರ?

ಮಗಳು: ಹೆಚ್ಚುಕಡಿಮೆ ಮೂರು ಮೀಟರ್.

ದೊಡ್ಡಪ್ಪ: ಹಾಗಾದರೆ ರೈಲ್ವೆ ಅಂಡರ್‌ಪಾಸ್ ಬಂದಾಗ ಎತ್ತರದ ಬೋರ್ಡು ಓದದೆ ನುಗ್ಗಬೇಡಿ. ಗೇಟು ತೆಗೆದು ಕೆಳಗೆ ದಾರಿ ಮಾಡಿದ್ದಾರೆ, ಕೆಲವು ತುಂಬಾ ತಗ್ಗು. ಹಳ್ಳಿಯೊಳಗೆ ಜೋತುಬಿದ್ದ ತಂತಿ, ಬಾಗಿದ ತೆಂಗಿನ ಗರಿ, ಹಬ್ಬದ ಸ್ವಾಗತ ಕಮಾನು, ಎಲ್ಲಾ ನೋಡ್ಕೋಬೇಕು. ಇನ್ನೊಂದು, ಸುಗ್ಗಿ. ಸಂಕ್ರಾಂತಿ ಆಸುಪಾಸಿನಲ್ಲಿ ರಾಗಿ, ಹುರುಳಿ ಒಕ್ಕಣೆ ರಸ್ತೆ ಮೇಲೇ ನಡೆಯುತ್ತೆ. ರಾಗಿ ಹುಲ್ಲಿನ ಮೇಲೆ ಹೇಗೋ ದಾಟಬಹುದು. ಹುರುಳಿ ಸೊಪ್ಪು ಹಾಗಲ್ಲ. ಬಳ್ಳಿಯಂತೆ ಆಕ್ಸೆಲ್ಲಿಗೆ ಸುತ್ಕೊಳ್ಳುತ್ತೆ, ಬಿಸಿ ಸೈಲೆನ್ಸರಿಗೆ ತಾಗಿ ಉಜ್ಜಿ ಬೆಂಕಿ ಹತ್ಕೊಳ್ಳುತ್ತೆ. ಕಾರುಗಳು ಸುಟ್ಟು ಹೋಗಿರೋದುಂಟು. ನಿಮ್ಮ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್ ಬೇರೆ ಇರುತ್ತೆ. ಹುರುಳಿ ಹರಡಿದ್ದು ಕಂಡರೆ ನಿಲ್ಲಿಸಿ, ಇಳಿದು, ಸ್ವಲ್ಪ ಸರಿಸಿಕೊಡಿ ಅಂತ ಕೇಳಿ. ಅವರೇ ದಾರಿ ಮಾಡ್ತಾರೆ. ಆಮೇಲೂ ಒಂದು ಸಲ ಬಗ್ಗಿ ಗಾಡಿಯ ಅಡಿ ನೋಡಿ, ಸಿಕ್ಕಿಕೊಂಡಿದ್ದರೆ ಕೋಲಲ್ಲಿ ಎಳೆದು ಹಾಕಿ ಹೊರಡಿ.

ಮಗಳು: ಬರೆದುಕೊಂಡೆ. ಈಗ ದಿನಗಳನ್ನ ಹೇಗೆ ಹಂಚೋಣ?

ದೊಡ್ಡಪ್ಪ: ಮೊದಲ ದಿನ ಅರಸೀಕೆರೆ ದಾಟಬೇಡಿ. ಬಿಸಿಲು ಇಳಿಯೋ ಹೊತ್ತಿಗೆ ಶಿವಾಲಯಕ್ಕೆ ಹೋಗಿ ಆ ನಕ್ಷತ್ರದ ಮಂಟಪದಲ್ಲಿ ಕೂತ್ಕೊಳ್ಳಿ. ಮಾರನೆ ದಿನ ಹಾರನಹಳ್ಳಿ ನೋಡಿ, ಬಾಣಾವರದ ಮೇಲೆ ಜಾವಗಲ್‌ಗೆ. ಅಲ್ಲೂ ಒಂದು ಲಕ್ಷ್ಮೀನರಸಿಂಹನ ಗುಡಿ ಇದೆ, ಹದಿಮೂರನೇ ಶತಮಾನದ ನಡುವಿನದು. ರಾತ್ರಿ ತೋಟದಲ್ಲಿ. ಬೀಗರ ಮನೆಯ ಅಟ್ಟ ತೋರಿಸೋಕೆ ಹೇಳ್ತೀನಿ, ಮಗು ನೋಡಲಿ. ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ತಿಂಗಳು ಹಾಗೇ ಬಿಡ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತೆ, ತಿರುಳು ಕರಟ ಬಿಡುತ್ತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಡಲೊಡ ಅನ್ನಬೇಕು, ಆಗ ಸುಲಿದು ಕರಟ ಒಡೀತಾರೆ. ಅರಸೀಕೆರೆ, ತಿಪಟೂರಿನ ಉಂಡೆ ಕೊಬ್ಬರಿ ಅಂದರೆ ಅದು. ಹಸಿ ಇರುವಾಗ ಒಡೆದರೆ ಉಂಡೆ ಬರಲ್ಲ. ನಿಮ್ಮ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಮಗಳು: ಬೇಡ. ಆಮೇಲೆ ಬೆಳವಾಡಿ?

ದೊಡ್ಡಪ್ಪ: ಹೌದು, ಜಾವಗಲ್ಲಿಂದ ಚಿಕ್ಕಮಗಳೂರು ರಸ್ತೆಯಲ್ಲಿ. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಮೂವರೂ ಒಂದೇ ಗುಡಿಯಲ್ಲಿ. ದೊಡ್ಡ ತೆರೆದ ಮಂಟಪ, ಮುಖ ಕಾಣೋ ಹಾಗೆ ನುಣುಪಾದ ಕಂಬಗಳು. ಅಲ್ಲಿಂದ ಹುಳಿಕೆರೆಯ ಪುಷ್ಕರಣಿ. ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳು. ಆಮೇಲೆ ಹಳೇಬೀಡು. ಅಲ್ಲಿ ಅವಸರ ಮಾಡಬೇಡಿ. ಹೊಯ್ಸಳೇಶ್ವರ, ಕೇದಾರೇಶ್ವರ, ಬಸದಿಗಳು, ಇವಕ್ಕೆ ಪ್ರತ್ಯೇಕ ಹೊತ್ತು ಕೊಡಿ. ಹೊಯ್ಸಳೇಶ್ವರದ ಗೋಡೆಯಲ್ಲಿ ಎಲ್ಲರೂ ತಲೆಯೆತ್ತಿ ಮೇಲಿನ ದೇವರುಗಳನ್ನ ನೋಡ್ತಾರೆ. ಮಗುವನ್ನ ಕರ್ಕೊಂಡು ನೀನು ನೆಲಕ್ಕೆ ಕೂತ್ಕೋ. ಎಲ್ಲಕ್ಕಿಂತ ಕೆಳಗಿನ ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕತೆ, ಮಕರ, ಹಂಸ. ಆನೆಸಾಲು ಒಂದನ್ನೇ ಹಿಡಿದು ಗೋಡೆಯ ಉದ್ದಕ್ಕೂ ಹೋಗು. ಒಂದರ ಹಾಗೆ ಇನ್ನೊಂದಿಲ್ಲ. ಸೊಂಡಿಲು ಒಂದು ಎತ್ತಿದೆ, ಒಂದು ಮಡಿಸಿದೆ, ಒಂದು ಹಿಂದಿನ ಆನೆ ಕಡೆ ತಿರುಗಿದೆ.

ಮಗಳು: ಅಷ್ಟು ಕೆಳಗಿನ ಸಾಲಿಗೆ ಯಾಕೆ ಅಷ್ಟು ಶ್ರಮ ಪಟ್ಟರೋ! ಯಾರೂ ಬಗ್ಗಿ ನೋಡಲ್ಲ ಅಂತ ಗೊತ್ತಿದ್ದೂ.

ದೊಡ್ಡಪ್ಪ: ನೋಡೋರು ಇರ್ತಾರೆ ಅನ್ನೋ ನಂಬಿಕೆ ಇತ್ತು. ಮತ್ತೆ ಅದು ಬಳಪದ ಕಲ್ಲು; ಗಣಿಯಿಂದ ತೆಗೆದಾಗ ಮೃದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಉಳಿಯ ತುದಿ ಬೇಡಿದಷ್ಟು ಸಣ್ಣ ಕೆಲಸಕ್ಕೂ ಒಗ್ಗುತ್ತೆ. ಕೆಲವು ವಿಗ್ರಹದ ಕೆಳಗೆ ಶಿಲ್ಪಿಯ ಹೆಸರೂ ಕೊರೆದಿರುತ್ತೆ. ಜಾವಗಲ್ಲಿನ ಕೆಲಸದಲ್ಲಿ ಮಲ್ಲಿತಮ್ಮ ಅನ್ನೋ ರೂವಾರಿಯ ಹೆಸರಿದೆ. ಅದನ್ನ ಹುಡುಕಿ ಓದೋಕೆ ಸಮಯ ಬೇಕು, ಅದು ನಿಮಗೆ ಸಿಗುತ್ತೆ. ಆಮೇಲೆ 16 ಕಿಲೋಮೀಟರ್ ಬೇಲೂರು. ದಾರಿಯಲ್ಲಿ ಇನ್ನೊಂದನ್ನೂ ಗಮನಿಸು. ನಮ್ಮ ಕಡೆ ತೆಂಗು, ರಾಗಿ. ಹಳೇಬೀಡು ಹತ್ತಿರ ಬರ್ತಾ ಜೋಳ, ಆಲೂಗಡ್ಡೆ, ಶುಂಠಿ. ಬೇಲೂರು ಬಂದು ಯಗಚಿ ಹೊಳೆ ದಾಟೋ ಹೊತ್ತಿಗೆ ಗಾಳಿಯಲ್ಲಿ ತಂಪು, ಮುಂದೆ ಕಾಫಿ ಶುರು. ಬಯಲುಸೀಮೆ ಮಲೆನಾಡಾಗೋದು 60–70 ಕಿಲೋಮೀಟರಿನ ಒಳಗೇ. ಕಾರಲ್ಲಿ ಒಂದೂವರೆ ಗಂಟೆಗೆ ದಾಟಿದರೆ ಇದು ಮನಸ್ಸಿಗೆ ಬರೋದೇ ಇಲ್ಲ.

ಮಗಳು: ಒಂದು ಸಂಕೋಚ ಇದೆ ದೊಡ್ಡಪ್ಪ. ಅಷ್ಟು ದುಬಾರಿ ಗಾಡಿ ತಂದು ಹಳ್ಳಿ ನಡುವೆ ನಿಲ್ಲಿಸಿ, ನಮ್ಮ ಅಕ್ಕಿ ನಮ್ಮ ಬೇಳೆ ಬೇಯಿಸ್ಕೊಂಡು, ಅವರ ನೀರು ತುಂಬಿಸ್ಕೊಂಡು ಹೊರಟರೆ ಊರಿಗೆ ಏನು ಬಂತು? ಹೋಟೆಲಿನಲ್ಲಿ ಇಳಿದವರಿಂದ ಹತ್ತು ಜನಕ್ಕೆ ಕೆಲಸವಾದರೂ ಸಿಗುತ್ತೆ.

ದೊಡ್ಡಪ್ಪ: ಹಾಗಾದರೆ ಬೆಂಗಳೂರಿಂದ ಅಕ್ಕಿ ಬೇಳೆ ತರಬೇಡ. ಫ್ರಿಜ್ಜು ಖಾಲಿ ಇಟ್ಟುಕೊಂಡು ಬಾ. ಸಂತೆ ಯಾವ ದಿನ ಅಂತ ಕೇಳಿ ಅಲ್ಲೇ ತರಕಾರಿ ತಗೋ. ಹಾಲು ಡೈರಿ ಹತ್ತಿರ, ಎಳನೀರು ತೋಟದಲ್ಲಿ, ಕೊಬ್ಬರಿ ಬೀಗರ ಅಟ್ಟದಿಂದ. ಬೆಳಗಿನ ತಿಂಡಿ ಊರ ಹೋಟೆಲಲ್ಲಿ. ಗುಡಿಯ ಬಾಗಿಲು ತೆಗೆದು ತೋರಿಸಿದ ಅರ್ಚಕರಿಗೆ ತಟ್ಟೆಗೆ ಹಾಕು, ಗೈಡಿಗೆ ಪೂರ್ತಿ ಹೊತ್ತಿನ ದುಡ್ಡು ಕೊಟ್ಟು ನಿಧಾನವಾಗಿ ಹೇಳಿ ಅನ್ನು. ಸಣ್ಣ ಊರುಗಳಲ್ಲಿ ಹೋಟೆಲ್ಲೇ ಇಲ್ಲವಲ್ಲ. ಹಾರನಹಳ್ಳಿಯಲ್ಲಿ ಒಂದು ಸಂಜೆ ನಿಂತವರ ಹಣ ಹಾರನಹಳ್ಳಿಗೆ ಬರುತ್ತೆ, ಇಲ್ಲದಿದ್ದರೆ ಅದೂ ಹಾಸನಕ್ಕೇ.

ಮಗಳು: ಅಂದರೆ ಗಾಡಿ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ನಿಂತ ಕಡೆ ನಾವು ಹೇಗೆ ಇರ್ತೀವಿ ಅನ್ನೋದರ ಮೇಲೆ.

ದೊಡ್ಡಪ್ಪ: ಊರು ಜಾಗ ಕೊಡುತ್ತೋ ಇಲ್ಲವೋ ಅನ್ನೋದರ ಮೇಲೂ. ಬಂಧುಗಳಿರೋ ನಿಮಗೆ ತೋಟ ಸಿಕ್ತು. ಯಾರೂ ಗೊತ್ತಿಲ್ಲದೆ ಬರೋರು? ಅವರಿಗಾಗಿ ಊರಿನ ತೋಪು ಮತ್ತೆ ತೆರೆಯಬೇಕು. ದೊಡ್ಡ ರೆಸಾರ್ಟ್ ಬೇಡ, ಕಾಂಕ್ರೀಟ್ ಬೇಡ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗೂ ಇಲ್ಲ, ಕಟ್ಟಲೂಬಾರದು. ಊರ ಅಂಚಿನ ಗುಂಡುತೋಪಿನ ಒತ್ತುವರಿ ತೆರವು ಮಾಡಿ, ಹೊಂಗೆ ಮಾವು ನೆಟ್ಟು, ನಾಲ್ಕು ಗಾಡಿ ನಿಲ್ಲೋಷ್ಟು ನೆಲ ಬಿಟ್ಟರೆ ಸಾಕು.

ಮಗಳು: ಹಾಗಾದರೆ ಬಂದಾಗ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಕೊಡೋಣ. ನೀವು ಊರಿನವರಾಗಿ, ನಾನು ಬಂದು ಹೋಗೋಳಾಗಿ, ಇಬ್ಬರೂ ಸಹಿ ಹಾಕೋಣ. ಒಂದು ನಲ್ಲಿ, ಮುಚ್ಚಳ ಇರೋ ಒಂದು ಶೌಚಗುಂಡಿ, ಮೀಟರ್ ಹಾಕಿದ 15 ಆಂಪಿಯರ್ ಪ್ಲಗ್ಗು.

ದೊಡ್ಡಪ್ಪ: ಇನ್ನೂ ಎರಡು ಸೇರಿಸು. ಹೆಂಗಸರಿಗೆ ಬೀಗ ಹಾಕೋಕೆ ಬರೋ ಒಂದು ಶೌಚಾಲಯ, ಅದು ಗಾಡಿಯವರಿಗಷ್ಟೇ ಅಲ್ಲ, ಬಸ್ಸಿನಲ್ಲಿ ಬಂದವರಿಗೂ, ಊರಿನವರಿಗೂ. ಮತ್ತೆ ರಾತ್ರಿಗೆ ಇಷ್ಟು ಅಂತ ಶುಲ್ಕ. ಆ ದುಡ್ಡು ಕೆರೆಯ ಹೂಳೆತ್ತೋಕೆ, ತೋಪಿನ ಮರಕ್ಕೆ ನೀರು ಹಾಕೋಕೆ. ನಿಮ್ಮ ಅಮ್ಮನಂಥೋರು ಗಾಡಿ ಇಲ್ಲದೆಯೂ ಬೆಳವಾಡಿಗೆ ಬಂದು ಹೋಗೋ ಹಾಗಾದರೆ, ಆಗ ನಮ್ಮ ಊರುಗಳು ಅತಿಥಿಗಳಿಗೆ ಸಿದ್ಧವಾದವು ಅಂತ ಹೇಳಬಹುದು.